ಗೇಟಿನ ಒಳಗೋ, ಹೊರಗೋ?

ಬೆಂಗಳೂರಿನ ಟ್ರಾವೆಲ್ ಏಜೆನ್ಸಿಗಳು ಮಾರುವ ದಕ್ಷಿಣ ಆಫ್ರಿಕಾ ಪ್ಯಾಕೇಜುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚಿನವು. ಜೋಹಾನ್ಸ್‌ಬರ್ಗಿನಲ್ಲಿ ಇಳಿಯುವುದು, ಸನ್ ಸಿಟಿಯಲ್ಲಿ ಎರಡು ರಾತ್ರಿ, ಅಲ್ಲಿಂದ ಮಾಸೆಲ್ ಬೇ ಅಥವಾ ನೈಸ್ನಾ, ನಡುವೆ ಉಷ್ಟ್ರಪಕ್ಷಿ ಫಾರ್ಮು, ಕ್ಯಾಂಗೋ ಗುಹೆ, ಕೊನೆಗೆ ಕೇಪ್ ಟೌನ್. ಹೋಟೆಲಿಗೆ ಎಷ್ಟು ಸ್ಟಾರು, ಈಜುಕೊಳ ಇದೆಯೇ, ಬೆಳಗಿನ ತಿಂಡಿ ಸೇರಿದೆಯೇ ಎಂದು ವಿಚಾರಿಸಿ ನಾವು ದುಡ್ಡು ಕಟ್ಟುತ್ತೇವೆ. ಸಿಂಗಪುರಕ್ಕೋ ದುಬೈಗೋ ಹೋಗುವವರಿಗೆ ಈ ವಿಚಾರಣೆ ಸಾಕು. ಆಫ್ರಿಕಾದ ದಕ್ಷಿಣ ಭಾಗಕ್ಕೆ ಸಾಲದು. ಅಲ್ಲಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದರ ಮೇಲೆ ಮರುದಿನ ಏನು ಕಾಣುತ್ತದೆ, ಮಗುವಿಗೆ ಯಾವ ಮಾತ್ರೆ ಕೊಡಬೇಕು, ಅಜ್ಜಿ ಜೊತೆಗೆ ಬರಬಹುದೇ ಇಲ್ಲವೇ ಎಂಬುದೆಲ್ಲ ನಿಂತಿದೆ.

ಕಬಿನಿ, ಬಂಡೀಪುರಗಳ ಅಭ್ಯಾಸ ಇರುವ ನಮಗೆ ಮೊದಲು ಬದಲಿಸಿಕೊಳ್ಳಬೇಕಾದ ಕಲ್ಪನೆ ಒಂದಿದೆ. ನಮ್ಮಲ್ಲಿ ಸಫಾರಿ ಎಂದರೆ ಅರಣ್ಯ ಇಲಾಖೆಯದೋ ಜಂಗಲ್ ಲಾಡ್ಜಸ್‌ನದೋ ವಾಹನ, ಗೊತ್ತುಮಾಡಿದ ಹೊತ್ತು, ಅವರು ಹೇಳಿದ ಸೀಟು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಡಿಗೆಗೆ ತಂದ ಮಾರುತಿಯಂಥ ಪುಟ್ಟ ಕಾರಿನಲ್ಲಿ ನೀವೇ ಸ್ಟಿಯರಿಂಗ್ ಹಿಡಿದು ಆನೆ ಹಿಂಡಿನ ಪಕ್ಕ ನಿಲ್ಲಬಹುದು. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣುರಸ್ತೆಯಲ್ಲಿ 40ರ ಮಿತಿ, ಕಾರಿನಿಂದ ಇಳಿಯುವಂತಿಲ್ಲ. ವಾಹನ ಓಡುವುದು ನಮ್ಮಂತೆಯೇ ಎಡಗಡೆ. ಸುಮಾರು 19,500 ಚದರ ಕಿಲೋಮೀಟರ್ ಕಾಡಿನೊಳಗೆ ಸರ್ಕಾರಿ ಸಂಸ್ಥೆಯಾದ ಸ್ಯಾನ್‌ಪಾರ್ಕ್ಸ್ ಹತ್ತಾರು ಕ್ಯಾಂಪುಗಳನ್ನು ನಡೆಸುತ್ತದೆ. ಕ್ಯಾಂಪು ಎಂದರೆ ಟೆಂಟು ಮಾತ್ರ ಅಲ್ಲ. ಬೇಲಿ ಹಾಕಿದ ಆವರಣದೊಳಗೆ ಹುಲ್ಲುಚಾವಣಿಯ ದುಂಡು ಕುಟೀರಗಳು, ನಾಲ್ಕಾರು ಜನಕ್ಕೆ ಸಾಲುವ ಕಾಟೇಜುಗಳು, ಅಂಗಡಿ, ಪೆಟ್ರೋಲ್ ಬಂಕು, ಹೋಟೆಲು ಎಲ್ಲ ಇರುವ ಪುಟ್ಟ ಊರು. ಸ್ಕುಕುಝಾ ಎಂಬ ದೊಡ್ಡ ಕ್ಯಾಂಪಿಗಂತೂ ಸ್ವಂತ ವಿಮಾನ ನಿಲ್ದಾಣವಿದೆ, ಗಾಲ್ಫ್ ಮೈದಾನವೂ ಇದೆ. ಗಾಲ್ಫ್ ಆಡಲು ಕ್ರೂಗರಿಗೆ ಯಾರು ಹೋಗುತ್ತಾರೋ, ನಾನರಿಯೆ.

ಇನ್ನು ಗೇಟಿನ ಲೆಕ್ಕ. ನವೆಂಬರಿನಿಂದ ಜನವರಿವರೆಗೆ ಕ್ಯಾಂಪುಗಳ ಗೇಟು ಬೆಳಿಗ್ಗೆ ನಾಲ್ಕೂವರೆಗೇ ತೆರೆಯುತ್ತದೆ. ಉದ್ಯಾನದ ಹೊರಗೇಟು ತೆರೆಯುವುದು ಐದೂವರೆಗೆ. ಆ ಒಂದು ಗಂಟೆ ಒಳಗೆ ಮಲಗಿದವರದು. ಸಿಂಹಗಳು ಇನ್ನೂ ರಸ್ತೆಯ ಮೇಲೇ ಬಿದ್ದುಕೊಂಡಿರುವ, ಕತ್ತೆಕಿರುಬಗಳು ಮನೆಗೆ ಮರಳುವ ಹೊತ್ತು ಅದು. ಏಪ್ರಿಲ್‌ನಲ್ಲಿ ಎರಡೂ ಗೇಟು ಆರಕ್ಕೇ ತೆರೆದರೂ ಹೊರಗಿನ ಹೇಝಿವ್ಯೂ, ವೈಟ್ ರಿವರ್‌ನಂಥ ಊರುಗಳ ಹೋಟೆಲಿನಿಂದ ಹೊರಟವರು ಕಾರು ಓಡಿಸಿಕೊಂಡು ಬಂದು, ಸಾಲಿನಲ್ಲಿ ನಿಂತು, ಪ್ರವೇಶದ ಕಾಗದ ತುಂಬಿ ಒಳಗೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಸಂಜೆಯೂ ಇದೇ ಕತೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಹೆದ್ದಾರಿಯ ಗೇಟು ಬೀಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರೂಗರಿನಲ್ಲಿ ಮಾತ್ರ ಅಲ್ಲಿನ ಚಳಿಗಾಲದಲ್ಲಿ ಸಂಜೆ ಐದೂವರೆಗೇ ಗೇಟು ಬೀಳುತ್ತದೆ, ತಡವಾದರೆ ದಂಡ. ರಜೆಯ ದಿನಗಳಲ್ಲಿ ಹಗಲಿಗಷ್ಟೇ ಬರುವವರ ಸಂಖ್ಯೆಗೆ ಮಿತಿಯೂ ಇರುತ್ತದೆ. ಏಜೆಂಟರ ಪಟ್ಟಿಯಲ್ಲಿ ‘ಕ್ರೂಗರ್ ಏರಿಯಾ’ ಎಂದು ಬರೆದಿದ್ದರೆ ಅದು ಬೇಲಿಯ ಹೊರಗಿನ ಹೋಟೆಲು ಎಂದೇ ತಿಳಿಯಬೇಕು.

ಒಳಗೇ ಉಳಿಯುವುದೆಂದಾದರೆ ಯಾವ ಕ್ಯಾಂಪು? ಮೊದಲ ಸಲ ಹೋಗುವ ಕುಟುಂಬ ದಕ್ಷಿಣ ಮತ್ತು ನಡುಭಾಗ ಬಿಟ್ಟು ಕದಲುವುದು ಬೇಡ. ಸೇಬಿ ನದಿಯ ದಂಡೆಯ ಲೋವರ್ ಸೇಬಿ ನನ್ನ ಮೊದಲ ಆಯ್ಕೆ: ಹೋಟೆಲಿನ ಮರದ ಹಾಸಿನ ಮೇಲೆ ಚಹಾ ಹಿಡಿದು ಕೂತರೆ ಕೆಳಗೆ ನದಿ, ನೀರಿಗಿಳಿದ ಆನೆಗಳು, ಕೂಗಳತೆಯಲ್ಲೇ ಸನ್‌ಸೆಟ್ ಡ್ಯಾಮಿನ ನೀರಾನೆ, ಮೊಸಳೆ. ಅಲ್ಲಿಂದ ಸ್ಕುಕುಝಾಗೆ 43 ಕಿಲೋಮೀಟರ್. ಹೊಳೆಯ ಗುಂಟ ಸಾಗುವ ಆ ರಸ್ತೆಯಲ್ಲಿ ಪ್ರಾಣಿಯೂ ಹೆಚ್ಚು, ಕಾರೂ ಹೆಚ್ಚು. ಉತ್ತರಕ್ಕೆ ಸ್ಕುಕುಝಾದಿಂದ 93 ಕಿಲೋಮೀಟರ್ ಹೋದರೆ ಹುಲ್ಲುಗಾವಲ ನಡುವಿನ ಸತಾರಾ, ಸಿಂಹಗಳಿಗೆ ಹೆಸರಾದದ್ದು. ಅಲ್ಲಿ ರಾತ್ರಿ ಕಸದ ತೊಟ್ಟಿ ಉರುಳಿಸುವವನು ತರಕರಡಿ. ಬಾಗಿಲು ತೆರೆದು ಟಾರ್ಚ್ ಬಿಡಲು ಮಕ್ಕಳಿಗೆ ಆಸೆಯಾಗುತ್ತದೆ, ಬಿಡಬೇಡಿ. ಪ್ರಿಟೋರಿಯಸ್‌ಕಾಪ್‌ನಲ್ಲಿ ಬಂಡೆಯನ್ನೇ ಬಳಸಿ ಕಟ್ಟಿದ ಈಜುಕೊಳವಿದೆ. ದಿನವಿಡೀ ಕಾರಿನಲ್ಲಿ ಕೂರಿಸಿದ ಮಕ್ಕಳಿಗೆ ನಾಲ್ಕನೇ ಸಿಂಹಕ್ಕಿಂತ ಅದು ದೊಡ್ಡ ಸಂಭ್ರಮ.

ಓಲಿಫಾಂಟ್ಸ್ ಕ್ಯಾಂಪಿನ ಬಳಿ ಬಾಲೂಲೆ ಎಂಬ ಪುಟ್ಟ ಉಪಕ್ಯಾಂಪಿದೆ. ಆರೇ ಗುಡಿಸಲು, ವಿದ್ಯುತ್ತಿಲ್ಲ. ವರ್ಣಭೇದದ ಕಾಲದಲ್ಲಿ ಬಿಳಿಯರಲ್ಲದವರಿಗೆ, ಎಂದರೆ ನಮ್ಮಂಥವರಿಗೆ, ಮೀಸಲಿಟ್ಟಿದ್ದ ಜಾಗ ಅದು. ಇವತ್ತು ಲಾಂದ್ರದ ಬೆಳಕಿನ ಏಕಾಂತ ಬೇಕೆನ್ನುವವರು ಹುಡುಕಿಕೊಂಡು ಹೋಗುತ್ತಾರೆ. ಚಿಕ್ಕ ಮಕ್ಕಳಿರುವವರಿಗೆ ಅದನ್ನು ಸೂಚಿಸಲಾರೆ. ಆದರೆ ದೊಡ್ಡ ಕ್ಯಾಂಪುಗಳಲ್ಲಿ ಮನೆಯವರೆಲ್ಲ ಹರಟುತ್ತ ಕೂತಾಗ, ಈ ವರಾಂಡಗಳಲ್ಲಿ ನಮ್ಮ ಬಣ್ಣದವರು ಕೂರುವ ಹಾಗಿಲ್ಲದ ಕಾಲವೂ ಇತ್ತೆಂದು ಮಕ್ಕಳಿಗೆ ಹೇಳಬಹುದು.

ಖಾಸಗಿ ಲಾಡ್ಜುಗಳ ಲೋಕ ಬೇರೆ. ಕ್ರೂಗರಿನ ಪಶ್ಚಿಮ ಅಂಚಿಗೆ ಸೇಬಿ ಸ್ಯಾಂಡ್, ಟಿಂಬಾವಟಿ, ಮನ್ಯಲೇಟಿ ಮುಂತಾದ ಮೀಸಲು ಕಾಡುಗಳಿವೆ. ನಡುವಿನ ಬೇಲಿ ತೆಗೆದಿರುವುದರಿಂದ ಪ್ರಾಣಿಗಳು ಎರಡೂ ಕಡೆ ಓಡಾಡುತ್ತವೆ. ತೆರೆದ ಜೀಪು, ಹೆಜ್ಜೆ ನೋಡಿ ಹೇಳುವ ಟ್ರ್ಯಾಕರ್, ರಸ್ತೆ ಬಿಟ್ಟು ಪೊದೆಯೊಳಗೆ ನುಗ್ಗಿ ಚಿರತೆ ತೋರಿಸುವ ಗೈಡ್. ಸೇಬಿ ಸ್ಯಾಂಡಿನಷ್ಟು ಹತ್ತಿರದಿಂದ ಚಿರತೆ ಕಾಣುವ ಜಾಗ ಇನ್ನೊಂದಿಲ್ಲ ಎನ್ನುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಬೆಲೆ? ಒಬ್ಬರಿಗೆ ಒಂದು ರಾತ್ರಿಗೆ ಹತ್ತು ಸಾವಿರ ರ‍್ಯಾಂಡ್ ದಾಟುವುದು ಅಲ್ಲಿ ಮಾಮೂಲು. ಅದನ್ನು ಕೊಡಬಲ್ಲವರೂ ಒಂದು ವಿಷಯ ಮೊದಲೇ ಕೇಳಬೇಕು: ಮಕ್ಕಳ ವಯಸ್ಸು. ಎಷ್ಟೋ ಲಾಡ್ಜುಗಳು ಆರು ವರ್ಷದೊಳಗಿನವರನ್ನು ಜೀಪು ಹತ್ತಿಸುವುದಿಲ್ಲ, ಕೆಲವು ಹನ್ನೆರಡರೊಳಗಿನವರನ್ನು ಒಳಗೇ ಬಿಡುವುದಿಲ್ಲ. ಬಹಳ ಕಡೆ ಸುತ್ತ ಬೇಲಿಯಿಲ್ಲ, ಕತ್ತಲಾದ ಮೇಲೆ ಕೋಣೆಯಿಂದ ಊಟದ ಮನೆಗೆ ಕಾವಲಿನವರೊಡನೆಯೇ ನಡೆಯಬೇಕು. ಸರ್ಕಾರಿ ಕ್ಯಾಂಪಿನ ತೆರೆದ ಜೀಪಿನ ಸವಾರಿಗೂ ಆರು ವರ್ಷ ತುಂಬಿರಬೇಕು; ಕಾಡಿನಲ್ಲಿ ಕಾಲ್ನಡಿಗೆಯ ಸುತ್ತಾಟಕ್ಕೆ ಹನ್ನೆರಡು ದಾಟಿರಬೇಕು, ಅರವತ್ತೈದು ಮೀರಿರಬಾರದು. ನಾಲ್ಕು ವರ್ಷದ ಮಗು ಇರುವ ದಂಪತಿ ಲಕ್ಷಗಟ್ಟಲೆ ಕೊಟ್ಟು ಐಷಾರಾಮಿ ಲಾಡ್ಜಿಗೆ ಹೋದರೆ ಆಗುವುದಿಷ್ಟೇ: ಒಬ್ಬರು ಸಫಾರಿಗೆ ಹೋಗುತ್ತಾರೆ, ಇನ್ನೊಬ್ಬರು ಕೋಣೆಯಲ್ಲಿ ಮಗುವಿಗೆ ಕಾರ್ಟೂನು ತೋರಿಸುತ್ತಾರೆ. ನೀವೇ ಓಡಿಸುವ ಕಾರಿನಲ್ಲಿ ಈ ತಾಪತ್ರಯವಿಲ್ಲ. ಅಳುವ ಮಗುವಿಗೆ ಬಾಳೆಹಣ್ಣು ಕೊಟ್ಟು, ಎಸಿ ಹಾಕಿ, ನಿದ್ದೆ ಹೋಗುವವರೆಗೂ ಜಿರಾಫೆಯ ಪಕ್ಕ ನಿಂತಿರಬಹುದು.

ಬೆಲೆಯ ಮಾತು ಬಂದಾಗ ಒಂದು ಎಚ್ಚರಿಕೆ. ಅಲ್ಲಿನ ಲಾಡ್ಜು, ಗೆಸ್ಟ್‌ಹೌಸುಗಳು ದರ ಹೇಳುವಾಗ ಸಾಮಾನ್ಯವಾಗಿ ‘ಪರ್ ಪರ್ಸನ್ ಶೇರಿಂಗ್’ ಎಂದಿರುತ್ತದೆ. ಮೂರು ಸಾವಿರ ಎಂದು ಕಂಡರೆ ಅದು ಕೋಣೆಗಲ್ಲ, ತಲೆಗೆ. ಇಬ್ಬರಿರುವ ಕೋಣೆಗೆ ಆರು ಸಾವಿರ. ಸ್ಯಾನ್‌ಪಾರ್ಕ್ಸ್ ಕುಟೀರಗಳ ದರ ಕುಟೀರಕ್ಕೆ. ಗೊತ್ತಾದ ಸಂಖ್ಯೆಗಿಂತ ಹೆಚ್ಚು ಜನರಿದ್ದರೆ ತಲೆಗಿಷ್ಟು ಸೇರಿಸುತ್ತಾರೆ. ಇದರ ಮೇಲೆ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ ಬರುತ್ತದೆ. ವಿದೇಶಿ ವಯಸ್ಕರಿಗೆ ಕ್ರೂಗರಿನಲ್ಲಿ ದಿನಕ್ಕೆ 500 ರ‍್ಯಾಂಡಿಗೂ ಹೆಚ್ಚು. ಇಬ್ಬರು ದೊಡ್ಡವರು, ಐದು ಮಕ್ಕಳವರೆಗೆ ಒಂದು ವರ್ಷಕ್ಕೆ ಸಲ್ಲುವ ‘ವೈಲ್ಡ್ ಕಾರ್ಡ್’ ಎಂಬ ಕುಟುಂಬದ ಪಾಸು ಸಿಗುತ್ತದೆ. ಐದಾರು ದಿನ ಕಾಡಿನಲ್ಲಿರುವವರು ಎರಡನ್ನೂ ಕೂಡಿ ಕಳೆದು ನೋಡುವುದು ಒಳ್ಳೆಯದು.

ಮಲೇರಿಯಾ ವಿಷಯದಲ್ಲಿ ನಮ್ಮವರ ಧೈರ್ಯ ನನಗೆ ಸರಿಬೀಳುವುದಿಲ್ಲ. ‘ಮಂಗಳೂರಿನಲ್ಲಿ ಕಾಣದ ಮಲೇರಿಯಾವೇ?’ ಎನ್ನುವವರಿದ್ದಾರೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ; ಆಫ್ರಿಕಾದಲ್ಲಿ ಮೇಲುಗೈ ಫಾಲ್ಸಿಪಾರಮ್‌ದು. ಅದು ಕೆಲವೇ ದಿನಗಳಲ್ಲಿ ಜೀವಕ್ಕೆ ಎರವಾಗಬಲ್ಲದು, ಐದು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಅಪಾಯ ಇನ್ನೂ ಹೆಚ್ಚು. ಕ್ರೂಗರ್ ಸೀಮೆಯಲ್ಲಿ ಸೆಪ್ಟೆಂಬರಿನಿಂದ ಮೇವರೆಗೆ ಅದರ ಕಾಲ. ಉತ್ತರ ನಮೀಬಿಯಾ, ಉತ್ತರ ಬೋಟ್ಸ್‌ವಾನಾ, ವಿಕ್ಟೋರಿಯಾ ಜಲಪಾತದ ಸುತ್ತಮುತ್ತಲೂ ಇದರ ಭಯ ಇದ್ದೇ ಇದೆ. ಮುಂಜಾಗ್ರತೆಯ ಮಾತ್ರೆಗಳಿವೆ, ಎಲ್ಲವೂ ಎಲ್ಲ ವಯಸ್ಸಿಗೂ ಒಗ್ಗುವುದಿಲ್ಲ. ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿ. ಊರಿಗೆ ಬಂದಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲ ಮಾತಾಗಿ ಹೇಳಿ.

ಈ ತಲೆನೋವೇ ಬೇಡ ಎನ್ನುವವರಿಗೆ ದಕ್ಷಿಣ ಆಫ್ರಿಕಾದಲ್ಲಿ ಮಲೇರಿಯಾ ಇಲ್ಲದ ಕಾಡುಗಳೂ ಇವೆ. ಜೋಹಾನ್ಸ್‌ಬರ್ಗಿನಿಂದ ಎರಡೂವರೆ ಗಂಟೆ ದೂರದ ಪಿಲಾನೆಸ್‌ಬರ್ಗ್ ಅಂಥದ್ದು. ಆರಿಹೋದ ಜ್ವಾಲಾಮುಖಿಯ ಉಂಗುರದೊಳಗೆ, 1979ರಲ್ಲಿ ಬೇರೆಡೆಯಿಂದ ಪ್ರಾಣಿಗಳನ್ನು ತಂದು ಬಿಟ್ಟು ಮಾಡಿದ ಕಾಡು. ವಿಚಿತ್ರವೆಂದರೆ ನಮ್ಮ ಪ್ಯಾಕೇಜುಗಳು ಜನರನ್ನು ಇಳಿಸುವ ಸನ್ ಸಿಟಿ ಇದರ ಅಂಚಿನಲ್ಲೇ ಇದೆ. ಕ್ಯಾಸಿನೋ ಗದ್ದಲದಲ್ಲಿ ಮಲಗಿ ಅರ್ಧ ದಿನದ ಸಫಾರಿಗೆ ಹೋಗುವ ಬದಲು ಕಾಡಿನ ಗೇಟಿನ ಬಳಿಯ ಮಾನ್ಯಾನೆ ಅಥವಾ ಬಕ್ಗಾಟ್ಲಾದಲ್ಲಿ ಉಳಿದು, ಬೇಕಿದ್ದರೆ ಒಂದು ಮಧ್ಯಾಹ್ನ ಮಕ್ಕಳಿಗೆ ಸನ್ ಸಿಟಿಯ ನೀರಾಟ ಮುಗಿಸಿಕೊಂಡು ಬಂದರಾಯಿತು. ಕೈಯಲ್ಲಿ ಹೆಚ್ಚು ಹಣವಿದ್ದರೆ ಬೋಟ್ಸ್‌ವಾನಾ ಗಡಿಯ ಮಾಡಿಕ್ವೆ. ಅಲ್ಲಿನ ಕೆಲವು ಲಾಡ್ಜುಗಳು ಮಕ್ಕಳಿರುವವರಿಗೆಂದೇ ಇವೆ. ಪೂರ್ವ ಕೇಪಿನ ಆಡೋ ನನಗೆ ಇನ್ನೂ ಇಷ್ಟ. 1931ರಲ್ಲಿ ಹನ್ನೊಂದು ಆನೆ ಉಳಿದಿದ್ದಾಗ ಶುರುವಾದ ಉದ್ಯಾನ; ಈಗ ಆರುನೂರಕ್ಕೂ ಹೆಚ್ಚು. ಮುಖ್ಯ ಕ್ಯಾಂಪಿನಲ್ಲೇ ರಾತ್ರಿ ದೀಪ ಹಾಕಿದ ನೀರಿನ ಹೊಂಡವಿದೆ.

ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವವರು ಇಂಥ ಹೊಂಡಗಳಿರುವ ಕ್ಯಾಂಪುಗಳನ್ನೇ ಹುಡುಕಬೇಕು. ಮಂಡಿನೋವಿನವರನ್ನು ಮಣ್ಣುರಸ್ತೆಯಲ್ಲಿ ಆರು ಗಂಟೆ ಕುಲುಕಾಡಿಸುವ ಬದಲು, ಪ್ರಾಣಿಗಳೇ ಅವರ ಬಳಿ ಬರುವಂತಿದ್ದರೆ? ಇದರಲ್ಲಿ ಎಲ್ಲಕ್ಕಿಂತ ಮುಂದಿರುವುದು ನಮೀಬಿಯಾದ ಎಟೋಷಾ. 22,000 ಚದರ ಕಿಲೋಮೀಟರಿಗೂ ಮಿಗಿಲಾದ ಉದ್ಯಾನ, ನಡುವೆ ಉಪ್ಪಿನ ಬಿಳಿ ಬಯಲು. ಅದರ ಓಕೌಕುಯೆಯೋ, ಹಲಾಲಿ, ನಮುಟೋನಿ ಕ್ಯಾಂಪುಗಳು ಮೂರಕ್ಕೂ ರಾತ್ರಿಯಿಡೀ ಬೆಳಕಿರುವ ಹೊಂಡಗಳುಂಟು. ಓಕೌಕುಯೆಯೋದ್ದು ಇವುಗಳಲ್ಲಿ ದೊಡ್ಡದು. ತಗ್ಗಾದ ಕಲ್ಲುಗೋಡೆ, ಅದರ ಹಿಂದೆ ಸಾಲು ಬೆಂಚು, ಎದುರಿಗೆ ಹಳದಿ ಬೆಳಕು ಬಿದ್ದ ನೀರು. ಕುಟೀರದಿಂದ ಶಾಲು ಹೊದ್ದು ನಡೆದು ಬಂದು ಕೂತರಾಯಿತು. ಒಣಗಾಲದ ರಾತ್ರಿಗಳಲ್ಲಿ ಕಪ್ಪು ಘೇಂಡಾಮೃಗ ಕತ್ತಲಿನಿಂದ ಹೊರಬಂದು, ನೀರಿನ ಅಂಚಿನಲ್ಲಿ ಬಹಳ ಹೊತ್ತು ಅನುಮಾನಿಸಿ, ಆಮೇಲೆ ಮೂತಿ ಇಳಿಸುತ್ತದೆ. ಆನೆಗಳು ಬಂದರೆ ಅದು ಪಕ್ಕಕ್ಕೆ ಸರಿಯುತ್ತದೆ, ಅಥವಾ ಸರಿಯದೆ ಬುಸುಗುಟ್ಟುತ್ತ ನಿಲ್ಲುತ್ತದೆ. ನಾಲ್ಕು ತಲೆಮಾರಿನವರು ಒಂದೇ ಬೆಂಚಿನಲ್ಲಿ ಕೂತು ನೋಡಬಹುದಾದ ನೋಟ ಇದು. ಎಂಟು ಗಂಟೆಗೆ ಮಕ್ಕಳು ಮಲಗಿದರೆ ದೊಡ್ಡವರು ಸರದಿಯಲ್ಲಿ ಹೋಗಿ ಬರಬಹುದು. ಕುಟೀರಗಳ ಗುಣಮಟ್ಟದ ಬಗ್ಗೆ ದೂರುಗಳಿಲ್ಲದಿಲ್ಲ, ಊಟವೂ ಅಷ್ಟಕ್ಕಷ್ಟೆ. ಆದರೂ ನಾನು ಒಳಗಿನ ಕ್ಯಾಂಪಿಗೇ ಮತ ಹಾಕುತ್ತೇನೆ.

ಗೇಟಿನ ತರ್ಕ ನಮೀಬಿಯಾದ ಮರಳುಗುಡ್ಡಗಳಲ್ಲೂ ಬಿಡುವುದಿಲ್ಲ. ಸೊಸುಸ್‌ವ್ಲೇಯ ಕೆಂಪು ದಿಬ್ಬಗಳು ಸೆಸ್ರೀಮ್ ಗೇಟಿನಿಂದ ಅರವತ್ತು ಕಿಲೋಮೀಟರ್ ಒಳಗೆ. ಹೊರಗೇಟು ತೆರೆಯುವುದು ಸೂರ್ಯೋದಯಕ್ಕೆ. ಒಳಗೆ ತಂಗಿದವರಿಗೆ ಒಂದು ಗಂಟೆ ಮೊದಲೇ ದಾರಿ ಬಿಡುತ್ತಾರೆ. ಎಳೆಬಿಸಿಲು ದಿಬ್ಬದ ಒಂದು ಮಗ್ಗುಲಿಗೆ ಮಾತ್ರ ಬಿದ್ದಿರುವ ಆ ಹೊತ್ತು ತಪ್ಪಿದರೆ ಉಳಿಯುವುದು ಸೆಕೆ. ಆದರೆ ನಮೀಬಿಯಾದಲ್ಲಿ ದೂರಗಳು ದೊಡ್ಡವು, ಜಲ್ಲಿರಸ್ತೆಗಳು ಉದ್ದ, ಕತ್ತಲಾದ ಮೇಲೆ ಕೂಡು ಜಿಂಕೆಗಳು ರಸ್ತೆಗೆ ಹಾರುತ್ತವೆ. ಆದ್ದರಿಂದ ಪ್ರತಿ ರಾತ್ರಿ ಊರು ಬದಲಿಸುವ ಯೋಜನೆ ಮಕ್ಕಳಿಗೆ ಶಿಕ್ಷೆ. ಕಾರಿನ ತಲೆಯ ಮೇಲೆ ಬಿಚ್ಚುವ ಟೆಂಟು ಫೋಟೋದಲ್ಲಿ ಚೆನ್ನ. ರಾತ್ರಿ ಎರಡು ಸಲ ಏಣಿ ಇಳಿಯಬೇಕಾದ ಐದು ವರ್ಷದವನ ಅಪ್ಪನನ್ನು ಕೇಳಿ ನೋಡಿ.

ಬೋಟ್ಸ್‌ವಾನಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡಿಮೆ ಜನ, ಹೆಚ್ಚು ಬೆಲೆ ಎಂಬುದೇ ಅಲ್ಲಿನ ಸರ್ಕಾರದ ನೀತಿ. ಓಕವಾಂಗೊ ಮುಖಜಭೂಮಿಯ ಕ್ಯಾಂಪುಗಳಿಗೆ ಪುಟ್ಟ ವಿಮಾನದಲ್ಲಿ, ಮೆತ್ತನೆಯ ಚೀಲದಲ್ಲಿ ಅಳೆದು ತುಂಬಿದ ಬಟ್ಟೆಯೊಂದಿಗೆ ಹೋಗಬೇಕು. ಮೊರೆಮಿ, ಸವೂಟಿಯ ಟೆಂಟು ಹಾಕುವ ಜಾಗಗಳಿಗೆ ಬೇಲಿಯೇ ಇಲ್ಲ. ಮಕ್ಕಳು ಹದಿಹರೆಯಕ್ಕೆ ಬರಲಿ. ವಿಕ್ಟೋರಿಯಾ ಜಲಪಾತಕ್ಕೆ ಹೋಗುವವರ ಪ್ರಶ್ನೆ ಜಿಂಬಾಬ್ವೆ ದಂಡೆಯೋ ಜಾಂಬಿಯಾ ದಂಡೆಯೋ ಎಂಬುದು. ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಊರಿನಿಂದ ಜಲಪಾತಕ್ಕೆ ನಡೆದೇ ಹೋಗಬಹುದು, ನೋಟದ ದೊಡ್ಡ ಪಾಲು ಅತ್ತಲಿಂದಲೇ. ಅಕ್ಟೋಬರ್, ನವೆಂಬರಿನಲ್ಲಿ ಜಾಂಬಿಯಾ ಕಡೆಯ ಬಂಡೆ ಬಹುತೇಕ ಒಣಗಿರುತ್ತದೆ. ಏಪ್ರಿಲ್‌ನಲ್ಲಿ ನೀರು ಎಷ್ಟೆಂದರೆ ತುಂತುರಿನ ಮೋಡದಲ್ಲಿ ಜಲಪಾತವೇ ಮರೆಯಾಗುತ್ತದೆ. ದಸರಾ ರಜೆಯವರು ಜಿಂಬಾಬ್ವೆಯಲ್ಲಿ ಉಳಿಯಲಿ. ಸಂಜೆ ಮೇಲೆ ಬೀದಿಯಲ್ಲಿ ನಡೆಯುವುದು ಬೇಡ, ಆನೆಗಳು ಊರೊಳಗೇ ಬರುತ್ತವೆ.

ನಗರಗಳಲ್ಲಿ ಕೇಪ್ ಟೌನ್ ಸುಲಭ. ಪ್ಯಾಕೇಜಿನವರು ಹೊಗಳುವ ಕ್ಯಾಂಪ್ಸ್ ಬೇ ನೋಡಲು ಸುಂದರ, ಆದರೆ ಅಲ್ಲಿನ ಬೇಸಿಗೆಯ ಗಾಳಿಯೂ ಅಟ್ಲಾಂಟಿಕ್ಕಿನ ಕೊರೆಯುವ ನೀರೂ ಮಕ್ಕಳನ್ನು ಕಡಲಿಗೆ ಇಳಿಯಗೊಡುವುದಿಲ್ಲ. ಕುಟುಂಬಕ್ಕೆ ಸೀ ಪಾಯಿಂಟ್, ಗ್ರೀನ್ ಪಾಯಿಂಟಿನ ಅಡುಗೆಮನೆಯಿರುವ ಅಪಾರ್ಟ್‌ಮೆಂಟುಗಳೇ ವಾಸಿ: ಕಡಲಗುಂಟ ಉದ್ದನೆಯ ನಡೆದಾರಿ, ಆಟದ ಜಾಗ, ಬಸ್ಸು. ಪೆಂಗ್ವಿನ್ ಹುಚ್ಚಿನ ಮಕ್ಕಳಿದ್ದರೆ ಒಂದೆರಡು ರಾತ್ರಿ ಸೈಮನ್ಸ್ ಟೌನ್. ಜೋಹಾನ್ಸ್‌ಬರ್ಗಿನಲ್ಲಿ ಉಳಿಯಲೇಬೇಕಾದರೆ ವಿಮಾನ ನಿಲ್ದಾಣದಿಂದ ಗೌಟ್ರೇನ್ ರೈಲಿನಲ್ಲೇ ಸೇರಬಹುದಾದ ಸ್ಯಾಂಡ್‌ಟನ್ ಅಥವಾ ರೋಸ್‌ಬ್ಯಾಂಕ್; ಕತ್ತಲಾದ ಮೇಲೆ ಅಲೆದಾಟ ಬೇಡ. 2009ರ ಐಪಿಎಲ್ ಫೈನಲ್‌ನಲ್ಲಿ ಕುಂಬ್ಳೆ ನಾಲ್ಕು ವಿಕೆಟ್ ಕಿತ್ತರೂ ಆರ್‌ಸಿಬಿ ಆರು ರನ್ನಿಗೆ ಸೋತ ವಾಂಡರರ್ಸ್ ಮೈದಾನ ಅಲ್ಲೇ ಹತ್ತಿರ. ಹಳೆಯ ಗಾಯ ಕೆರೆದುಕೊಳ್ಳುವ ಆಸೆಯಿದ್ದವರು ನೋಡಿ ಬರಬಹುದು.

ನಮ್ಮ ಪ್ಯಾಕೇಜುಗಳು ಡರ್ಬನ್ ಊರನ್ನು ಯಾಕೆ ಬಿಟ್ಟುಬಿಡುತ್ತವೋ. 1860ರಲ್ಲಿ ಟ್ರೂರೋ ಹಡಗಿನಲ್ಲಿ ಮದ್ರಾಸಿನಿಂದ ಬಂದಿಳಿದ ಕಬ್ಬಿನ ಗದ್ದೆಯ ಕೂಲಿಗಳಿಂದ ಮೊದಲಾದ ಭಾರತೀಯ ಬದುಕು ಅಲ್ಲಿದೆ. ಸಸ್ಯಾಹಾರ ಹುಡುಕಬೇಕಿಲ್ಲ, ಸಾಂಬಾರ ಪದಾರ್ಥ ಮಾರುಕಟ್ಟೆಯಲ್ಲಿ ರಾಶಿರಾಶಿ. ಸಮುದ್ರವೂ ಬೆಚ್ಚಗಿನ ಹಿಂದೂ ಮಹಾಸಾಗರ. ಉಮ್ಹ್ಲಾಂಗಾ ದಂಡೆಯಲ್ಲಿ ಬಾಡಿಗೆ ಮನೆ ಹಿಡಿದರೆ 1893ರಲ್ಲಿ ಗಾಂಧಿಯನ್ನು ರೈಲಿನಿಂದ ತಳ್ಳಿದ ಪೀಟರ್‌ಮರಿಟ್ಸ್‌ಬರ್ಗ್ ನಿಲ್ದಾಣಕ್ಕೂ, ಬಿಳಿ ಘೇಂಡಾಮೃಗದ ಸಂತತಿ ಉಳಿಸಿದ ಹ್ಲುಹ್ಲುವೆ ಕಾಡಿಗೂ ಹೋಗಿ ಬರಬಹುದು.

ಊಟದ ಚಿಂತೆಗೆ ಉತ್ತರವೂ ತಂಗುವ ಜಾಗದಲ್ಲೇ ಇದೆ. ಸಸ್ಯಾಹಾರಿಗಳು ಹೋಟೆಲಿನಲ್ಲಿ ದಿನವೂ ಚೀಸ್ ಸ್ಯಾಂಡ್‌ವಿಚ್ ತಿಂದು ಬೇಸತ್ತುಕೊಳ್ಳುವುದಕ್ಕಿಂತ ಅಡುಗೆಮನೆಯಿರುವ ಕುಟೀರ ಹಿಡಿದು ಅನ್ನ, ತೊವ್ವೆ, ಆಲೂಗಡ್ಡೆ ಪಲ್ಯ ಮಾಡಿಕೊಳ್ಳುವುದು ಸುಖ. ಕ್ರೂಗರಿನ ಅನೇಕ ಕುಟೀರಗಳಲ್ಲಿ ಒಲೆ, ಫ್ರಿಜ್ಜು ಇರುವುದು ವರಾಂಡದಲ್ಲಿ. ಕೋತಿ, ಬಬೂನುಗಳು ಹೊಂಚುಹಾಕುತ್ತಿರುತ್ತವೆ, ಚಿಲಕ ಹಾಕದೆ ಸ್ನಾನಕ್ಕೆ ಹೋದರೆ ಬ್ರೆಡ್ಡು ನಿಮ್ಮದಲ್ಲ. ಚಾರ್ಜರಿಗೆ ಅಡಾಪ್ಟರ್ ಹುಡುಕುವವರಿಗೆ ಸಣ್ಣ ಸುಳಿವು: ಅಲ್ಲಿನ ದಪ್ಪ ಮೂರು ಕಡ್ಡಿಯ ಪ್ಲಗ್ಗು ನಮ್ಮ ಗೀಸರಿನ ಪ್ಲಗ್ಗಿನದೇ ಜಾತಿ, ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಲೋಡ್ ಶೆಡ್ಡಿಂಗ್ 2023ರಲ್ಲಿ ಅಲ್ಲಿನವರನ್ನು ಹೈರಾಣಾಗಿಸಿತ್ತು; 2024ರಿಂದ ಬಹಳ ತಗ್ಗಿದೆ. ಆದರೂ ಬಾಡಿಗೆ ಮನೆಗೆ ಇನ್ವರ್ಟರ್ ಇದೆಯೇ ಎಂದು ಕೇಳುವುದರಿಂದ ನಷ್ಟವಿಲ್ಲ.

ಎಂಟು ಹತ್ತು ಜನರ ದೊಡ್ಡ ಕುಟುಂಬಕ್ಕೆ ನಡುದಾರಿಯೊಂದಿದೆ. ಕ್ರಾಕಡೈಲ್ ನದಿಯ ಆಚೆ ದಂಡೆಯ ಮಾರ್ಲೋತ್ ಪಾರ್ಕ್ ಎಂಬ ಊರಿನಲ್ಲಿ ಮನೆಗಳ ನಡುವೆಯೇ ಜೀಬ್ರಾ, ಜಿರಾಫೆ, ಕೂಡುಗಳು ತಿರುಗುತ್ತವೆ. ಇಡೀ ಮನೆ ಬಾಡಿಗೆಗೆ ಸಿಗುತ್ತದೆ, ಕ್ರೂಗರಿನ ಗೇಟು ಹತ್ತಿರ. ಬೇಲಿಯ ಹೊರಗೆ ಉಳಿಯಲೇಬೇಕೆಂದರೆ ನಾನು ಒಪ್ಪುವ ಜಾಗ ಇದೊಂದೇ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಹೀಗೆ. ನಮ್ಮ ಬೇಸಿಗೆ ರಜೆಯಲ್ಲಿ, ಐದರೊಳಗಿನ ಮಗುವಿನೊಡನೆ ಹೋಗುವವರು ಕ್ರೂಗರ್ ಬಿಟ್ಟು ಪಿಲಾನೆಸ್‌ಬರ್ಗ್ ಅಥವಾ ಆಡೋ, ಜೊತೆಗೆ ಕೇಪ್ ಟೌನ್ ಹಿಡಿಯಲಿ. ಏಪ್ರಿಲ್‌ನಲ್ಲಿ ಕ್ರೂಗರಿನಲ್ಲಿ ಸೊಳ್ಳೆಯೂ ಹೆಚ್ಚು, ಮಳೆ ಮುಗಿದ ಹುಲ್ಲೂ ಎತ್ತರ. ದೊಡ್ಡ ಮಕ್ಕಳಿದ್ದರೆ ಮೇ ತಿಂಗಳ ಕೊನೆ ಕ್ರೂಗರಿಗೆ ಚೆನ್ನ. ದಸರಾ ರಜೆಗೆ ಹಿರಿಯರೊಂದಿಗೆ ಎಟೋಷಾ, ಮಾತ್ರೆ ಮರೆಯದೆ. ಡಿಸೆಂಬರ್ ಅಲ್ಲಿನ ಶಾಲೆಗಳ ದೊಡ್ಡ ರಜೆ. ಜನಜಂಗುಳಿ, ದರ ದುಬಾರಿ, ಕೇಪಿಗೆ ಮಾತ್ರ ಹವೆ ಸೊಗಸು. ಯಾವ ಜಾಗವಾದರೂ ಎರಡು ರಾತ್ರಿಗೆ ಕಡಿಮೆ ಬೇಡ, ಕಾಡಿನಲ್ಲಿ ಮೂರು. ಸ್ಯಾನ್‌ಪಾರ್ಕ್ಸ್ ಕುಟೀರಗಳ ಬುಕಿಂಗ್ ಹನ್ನೊಂದು ತಿಂಗಳು ಮೊದಲೇ ತೆರೆಯುತ್ತದೆ, ನದಿಯ ಕಡೆ ಮುಖ ಮಾಡಿದವು ಬೇಗನೆ ಹೋಗುತ್ತವೆ. ಮುಂದಿನ ವರ್ಷದ ಏಪ್ರಿಲ್‌ಗೆ ಹೊರಡುವುದಾದರೆ ಈ ವರ್ಷದ ಮೇ ತಿಂಗಳಲ್ಲೇ ಕುಟೀರ ಕಾಯ್ದಿರಿಸಿ, ವಿಮಾನದ ಟಿಕೆಟ್ ಆಮೇಲೆ ನೋಡಿ.